ಪೀಠದಿಂದ ಇಳಿಯದ ವಿದ್ಯೆ

ನಮ್ಮ ನಾಡಿನ ವಿದ್ಯಾವಂತ ವರ್ಗದಲ್ಲಿ ಒಂದು ಮತವು ಬಹುಕಾಲದಿಂದ ಯಾರ ಪ್ರತಿಭಟನೆಯೂ ಇಲ್ಲದೆ ಅಧಿಕಾರ ನಡೆಸುತ್ತಿದೆ. ಜ್ಞಾನವು ಮೊದಲು ಗ್ರಂಥದಲ್ಲಿ ಪರಿಪೂರ್ಣವಾಗಿ ಸಿದ್ಧವಾಗಿರುತ್ತದೆ, ವಿದ್ಯಾರ್ಥಿಯ ಬುದ್ಧಿಯು ಅದನ್ನು ಅಲ್ಲಿಂದ ಎತ್ತಿಕೊಳ್ಳುತ್ತದೆ, ಆಮೇಲೆ ಅವಶ್ಯಬಿದ್ದವರು ಅವಶ್ಯಬಿದ್ದಾಗ ಅದನ್ನು ಕೈಯಿಂದ ಪ್ರಯೋಗಿಸಿಕೊಳ್ಳಬಹುದು, ಪ್ರಯೋಗಿಸದಿದ್ದರೂ ಜ್ಞಾನಕ್ಕೆ ಊನವೇನೂ ಇಲ್ಲ ಎಂಬುದು ಆ ಮತದ ತಾತ್ಪರ್ಯ. ಇದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಬಾಯಲ್ಲಿ ಬರುವುದೆಲ್ಲ ಇದಕ್ಕೆ ವಿರುದ್ಧವಾದ ಮಾತೇ. ಆದರೆ ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ನಿಂತು ಅನುಭವವೇ ಪರಮಗುರುವೆಂದು ಸಾರುವ ಮುಖ್ಯ ಅತಿಥಿಗಳೂ, ಪುಸ್ತಕದ ಬದನೆಕಾಯಿ ಸಾರಿಗೆ ಬಾರದೆಂಬ ಅವರ ವಿನೋದಕ್ಕೆ ಚಪ್ಪಾಳೆ ತಟ್ಟುವ ತಂದೆತಾಯಿಗಳೂ ಮರುದಿನ ಬೆಳಗ್ಗೆ ತಮ್ಮ ಮಕ್ಕಳ ವಿಷಯದಲ್ಲಿ ಏನು ಮಾಡುತ್ತಾರೆಂಬುದನ್ನು ನೋಡಿದರೆ ಅವರು ನಿಜವಾಗಿ ನಂಬಿರುವ ಸಿದ್ಧಾಂತ ಯಾವುದೆಂಬುದು ತಿಳಿಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಹೆಚ್ಚು ಬಂದವನು ಪಿಯುಸಿ ವಿಜ್ಞಾನಕ್ಕೆ, ಕಡಿಮೆ ಬಂದವನು ಐಟಿಐಗೆ ಎಂಬ ವಿಂಗಡಣೆ ನಮ್ಮ ಊರೂರಿನಲ್ಲಿ ಎಷ್ಟು ಸಹಜವಾಗಿ ನಡೆದುಹೋಗುತ್ತದೆಂದರೆ, ಲೇತ್ ಯಂತ್ರದ ಮುಂದೆ ನಿಂತು ಉಕ್ಕಿನ ಸರಳನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕಡೆಯುವುದಕ್ಕೆ ಬುದ್ಧಿ ಬೇಕಾದೀತೆಂಬ ಶಂಕೆಯೇ ಯಾರಿಗೂ ಹುಟ್ಟುವುದಿಲ್ಲ.

ಈ ಮತವು ಅಸತ್ಯವೆಂದೂ, ಅದರಿಂದ ಕೈಗಿಂತ ಹೆಚ್ಚಾಗಿ ಬುದ್ಧಿಯೇ ಕೆಟ್ಟಿದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು, ಈ ಮತಕ್ಕೆ ನಮ್ಮ ಪರಂಪರೆಯ ಬೆಂಬಲವಿದೆಯೆಂದು ಹೇಳುವವರ ಮಾತನ್ನು ವಿಚಾರಿಸೋಣ. ಭಾರತೀಯ ವಿದ್ಯೆಯು ಶ್ರವಣಪ್ರಧಾನವಾದುದು, ಗುರುಮುಖದಿಂದ ಕೇಳಿ ಕಂಠಸ್ಥ ಮಾಡುವುದೇ ಇಲ್ಲಿನ ಕ್ರಮ, ಕೈಗೆ ಕೆಲಸ ಕೊಡುವುದು ಪಶ್ಚಿಮದಿಂದ ಬಂದ ಹೊಸ ಹುಚ್ಚು ಎಂದು ಇವರು ಗಾಂಭೀರ್ಯದಿಂದ ಹೇಳುತ್ತಾರೆ. ಇಂಥವರು ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕು. ಯೋಗ್ಯಾಸೂತ್ರೀಯವೆಂಬ ಆ ಅಧ್ಯಾಯದ ಆರಂಭದಲ್ಲಿಯೇ ಆಚಾರ್ಯನು ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನಿಂದಲೂ ಅಭ್ಯಾಸವನ್ನು ಮಾಡಿಸತಕ್ಕದ್ದೆಂದೂ, ಎಷ್ಟು ಬಹುಶ್ರುತನಾದರೂ ಅಭ್ಯಾಸವಿಲ್ಲದವನು ಕರ್ಮಕ್ಕೆ ಅಯೋಗ್ಯನೆಂದೂ ವಿಧಿಸಿ, ಆ ಬಳಿಕ ಯಾವ ಕರ್ಮವನ್ನು ಯಾವ ವಸ್ತುವಿನ ಮೇಲೆ ಕಲಿಯಬೇಕೆಂಬುದನ್ನು ಒಂದೊಂದಾಗಿ ಹೇಳುತ್ತಾನೆ. ಛೇದನವನ್ನು ಕುಂಬಳಕಾಯಿ, ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿಗಳ ಮೇಲೆ. ಭೇದನವನ್ನು ನೀರೋ ಕೆಸರೋ ತುಂಬಿದ ಚರ್ಮದ ಚೀಲಗಳ ಮೇಲೆ. ಹೆರೆಯುವುದನ್ನು ರೋಮವುಳ್ಳ ತೊಗಲಿನ ಮೇಲೆ. ಸಿರೆಯನ್ನು ಚುಚ್ಚುವುದನ್ನು ಸತ್ತ ಪಶುಗಳ ಸಿರೆಗಳಲ್ಲಿ ಮತ್ತು ತಾವರೆಯ ದಂಟುಗಳಲ್ಲಿ. ಶಲಾಕೆಯಿಂದ ಹುಡುಕುವುದನ್ನು ಹುಳು ತಿಂದ ಮರದಲ್ಲಿ, ಬಿದಿರಿನಲ್ಲಿ. ಕೀಳುವುದನ್ನು ಹಲಸು, ತೊಂಡೆ, ಬಿಲ್ವಗಳ ತಿರುಳಿನಲ್ಲಿ ಮತ್ತು ಸತ್ತ ಪಶುವಿನ ಹಲ್ಲುಗಳಲ್ಲಿ. ಹೊಲಿಗೆಯನ್ನು ಬಟ್ಟೆಯಲ್ಲಿ ಮತ್ತು ಮೃದುವಾದ ಚರ್ಮದಲ್ಲಿ. ಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಗೊಂಬೆಯ ಅಂಗಾಂಗಗಳ ಮೇಲೆ. ಈ ಪಟ್ಟಿಯನ್ನು ಬರೆದವನು ಕಲಿಯುವ ಕೈಯ ಸ್ವಭಾವವನ್ನು ಎಷ್ಟು ಸನಿಹದಿಂದ ಕಂಡವನೆಂಬುದು ಓದುಗನಿಗೆ ಹೊಳೆಯದಿರದು: ಸಿರೆಗೆ ತಾವರೆಯ ದಂಟನ್ನೂ, ನಾಡಿಯಂತೆ ಒಳಗೊಳಗೇ ಕೊರೆದುಕೊಂಡು ಹೋಗುವ ವ್ರಣಕ್ಕೆ ಹುಳು ಹಿಡಿದ ಮರವನ್ನೂ ಸಾದೃಶ್ಯವಾಗಿ ಆರಿಸಿಕೊಳ್ಳಬೇಕಾದರೆ ಎರಡನ್ನೂ ಬೆರಳಿನಿಂದ ಬಲ್ಲವನಾಗಿರಬೇಕು.

ಶಾರೀರಸ್ಥಾನದಲ್ಲಿ ಇನ್ನೂ ಮುಂದಕ್ಕೆ ಹೋಗಿ, ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಮರೆಯಾದ ಸ್ಥಳದಲ್ಲಿ ಏಳು ರಾತ್ರಿ ಇರಿಸಿ, ಮೆತ್ತಗಾದ ಮೇಲೆ ತೆಗೆದು ಲಾವಂಚದ ಬೇರು, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಪದರ ಪದರವಾಗಿ ಉಜ್ಜಿ ಕಣ್ಣಾರೆ ನೋಡಬೇಕೆಂದು ವಿಧಿಸಿದೆ. ಶಾಸ್ತ್ರವೊಂದನ್ನೇ ಬಲ್ಲವನು ರೋಗಿಯ ಮುಂದೆ ರಣರಂಗದ ಹೇಡಿಯಂತಾಗುವನೆಂದೂ, ಕರ್ಮವೊಂದನ್ನೇ ಬಲ್ಲವನು ಸಜ್ಜನರ ಮನ್ನಣೆಗೆ ಪಾತ್ರನಲ್ಲವೆಂದೂ, ಇಬ್ಬರೂ ಒಂದೇ ರೆಕ್ಕೆಯ ಹಕ್ಕಿಗಳೆಂದೂ ಅದೇ ಗ್ರಂಥ ನಿರ್ಣಯಿಸುತ್ತದೆ. ಪರಂಪರೆಯನ್ನು ಸಾಕ್ಷಿಗೆ ಕರೆದವರು ಸಾಕ್ಷಿಯ ಹೇಳಿಕೆಯನ್ನು ಕೇಳದೆ ಕರೆದರೆಂದು ಹೇಳಬೇಕಾಗಿದೆ.

ಹಾಗಾದರೆ ಆ ವಿದ್ಯೆ ಏನಾಯಿತು? ಗ್ರಂಥ ಉಳಿಯಿತು, ಕುಂಚ ಕೆಳಗೆ ಬಿತ್ತು. ಶವಸ್ಪರ್ಶವು ಅಶೌಚವಾದ ಸಮಾಜದಲ್ಲಿ ವೈದ್ಯಪಂಡಿತನು ಶಾರೀರಸ್ಥಾನವನ್ನು ಪಾಠ ಹೇಳುತ್ತಲೇ ಇದ್ದನು, ಕೇಳಿದವನು ಒಪ್ಪಿಸುತ್ತಲೇ ಇದ್ದನು, ಒಪ್ಪಿಸಿದ್ದು ನಿಜವೋ ಅಲ್ಲವೋ ಎಂದು ನೋಡುವ ಕೆಲಸ ಮಾತ್ರ ಶತಮಾನಗಳ ಕಾಲ ಯಾರದೂ ಆಗಲಿಲ್ಲ. 1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಶವಚ್ಛೇದ ಮಾಡಿ ಪ್ರಸಿದ್ಧನಾದ ಮಧುಸೂದನ ಗುಪ್ತನು ಅದಕ್ಕೆ ಮುಂಚೆ ಸಂಸ್ಕೃತ ಕಾಲೇಜಿನಲ್ಲಿ ವೈದ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಪಂಡಿತನು. ಆತನ ಕೈಯ ಕತ್ತಿ ಇಂಗ್ಲೆಂಡಿನದಾಗಿದ್ದರೂ ಆತನು ಪಾಲಿಸಿದ ವಿಧಿ ಸುಶ್ರುತನದೇ. ಪಾಲಿಸುವುದಕ್ಕೆ ಇಷ್ಟು ಕಾಲ ಹಿಡಿಯಿತೆಂಬುದು ನಮ್ಮ ಶ್ರವಣಪ್ರಧಾನ ವಿದ್ಯೆಯ ಸಾಧನೆ.

ಆದರೆ ಕರ್ಮವು ಪೂರ್ತಿಯಾಗಿ ಸಾಯಲಿಲ್ಲ. ಅದು ಪಂಡಿತರ ಮನೆಯಿಂದ ಹೊರಟು ಬೇರೆಯವರ ಮನೆ ಸೇರಿತ್ತು. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಎಂಬ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಒಂದು ವೃತ್ತಾಂತ ಅಚ್ಚಾಯಿತು. ಇಂಗ್ಲಿಷರ ದಂಡಿನಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದನು. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಗೆ ಸೇರಿದವನೊಬ್ಬನು ಮೇಣದಿಂದ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಆ ಗೆರೆಯ ಮೇರೆಗೆ ಚರ್ಮವನ್ನು ಬಿಡಿಸಿ, ಕಣ್ಣುಗಳ ನಡುವಿನ ಒಂದು ಎಳೆಯನ್ನು ಮಾತ್ರ ರಕ್ತಸಂಚಾರಕ್ಕಾಗಿ ಕಡಿಯದೆ ಉಳಿಸಿಕೊಂಡು, ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ನಿಲ್ಲಿಸಿದನು. ಬ್ರಿಟಿಷ್ ವೈದ್ಯರು ಎದುರಿಗೆ ನಿಂತು ನೋಡಿದರು. ಅದನ್ನು ಆಧರಿಸಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಿಯೆಯನ್ನು ಮಾಡಿದನು. ಯೂರೋಪಿನ ಆಧುನಿಕ ನಾಸಾಸಂಧಾನದ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ. ಇಲ್ಲಿ ಗಮನಿಸಬೇಕಾದುದು ಇನ್ನೊಂದಿದೆ. ಸುಶ್ರುತಸಂಹಿತೆಯು ಮೂಗಿಗಾಗಿ ಕೆನ್ನೆಯ ಪಕ್ಕದ ಚರ್ಮವನ್ನು ತೆಗೆಯಲು ಹೇಳುತ್ತದೆ. ಪುಣೆಯವನು ತೆಗೆದುದು ಹಣೆಯಿಂದ. ಗ್ರಂಥ ಹೇಳಿದ್ದನ್ನು ಮಾಡುವುದಷ್ಟೇ ಕೈಯ ಕೆಲಸವಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಯಾವ ಪಂಡಿತಸಭೆಯೂ ಕೂಡಿ ಇದನ್ನು ತೀರ್ಮಾನಿಸಿದಂತಿಲ್ಲ. ಹೆಸರು ಉಳಿಯದ ಎಷ್ಟೋ ತಲೆಮಾರಿನ ಕೈಗಳು ಹಣೆಯ ಚರ್ಮದ ಗುಣವನ್ನು ಕಂಡುಕೊಂಡು ಗ್ರಂಥವನ್ನು ತಿದ್ದಿದ್ದವು, ತಿದ್ದಿದ್ದು ಗ್ರಂಥದಲ್ಲಿ ಸೇರಲಿಲ್ಲ ಅಷ್ಟೆ. ಜ್ಞಾನವು ಮೊದಲು ಪುಸ್ತಕದಲ್ಲಿ ಸಿದ್ಧವಾಗುತ್ತದೆಂಬ ಮತವು ಈ ಒಂದು ಮೂಗಿನ ಮುಂದೆಯೇ ಕುಸಿಯುತ್ತದೆ.

ಪಶ್ಚಿಮವೇನೂ ಈ ರೋಗದಿಂದ ಮುಕ್ತವಾಗಿರಲಿಲ್ಲ. ಮಧ್ಯಯುಗದ ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ಅಂಗರಚನೆಯ ಪಾಠ ನಡೆಯುತ್ತಿದ್ದ ರೀತಿ ನಮ್ಮ ಪ್ರತಿಪಕ್ಷದವರ ಆದರ್ಶವು ಮೂರ್ತಿವೆತ್ತಂತಿತ್ತು. ಆಚಾರ್ಯನು ಎತ್ತರದ ಪೀಠದ ಮೇಲೆ ಕುಳಿತು ಗ್ರಂಥವನ್ನು ಓದುವನು; ಕೆಳಗೆ ಕ್ಷೌರಿಕನೊಬ್ಬನು ಶವವನ್ನು ಕೊಯ್ಯುವನು; ಕೋಲು ಹಿಡಿದ ಮೂರನೆಯವನೊಬ್ಬನು ಆಚಾರ್ಯನು ಹೇಳಿದ ಅಂಗವನ್ನು ವಿದ್ಯಾರ್ಥಿಗಳಿಗೆ ತೋರಿಸುವನು. ಓದುವವನು ಮುಟ್ಟನು, ಮುಟ್ಟುವವನು ಓದನು. ಅವರು ಪ್ರಮಾಣವೆಂದು ನಂಬಿದ್ದ ಗ್ಯಾಲೆನನು ಮಂಗ, ಹಂದಿ ಮೊದಲಾದ ಪ್ರಾಣಿಗಳನ್ನು ಕೊಯ್ದು ಬರೆದವನಾದ್ದರಿಂದ ಮನುಷ್ಯನ ಕೆಳದವಡೆ ಎರಡು ಎಲುಬುಗಳಿಂದಾದುದೆಂದು ಹೇಳಿದ್ದನು. ಪೀಠದ ಮೇಲಿನಿಂದ ಎರಡೆಂದು ಓದಲಾಗುತ್ತಿತ್ತು, ಮೇಜಿನ ಮೇಲೆ ಒಂದೇ ಎಲುಬು ಬಿದ್ದಿರುತ್ತಿತ್ತು, ಸಾವಿರದ ಮುನ್ನೂರು ವರ್ಷಗಳ ಕಾಲ ಈ ಎರಡಕ್ಕೂ ಮುಖಾಮುಖಿಯಾಗಲಿಲ್ಲ. 1537ರಲ್ಲಿ ಪಾದುವಾ ವಿಶ್ವವಿದ್ಯಾಲಯದ ಆಚಾರ್ಯನಾಗಿ ಬಂದ ವೆಸಾಲಿಯಸ್ ಎಂಬ ತರುಣನು ಪೀಠದಿಂದ ಇಳಿದು, ಕ್ಷೌರಿಕನನ್ನು ಪಕ್ಕಕ್ಕೆ ಸರಿಸಿ, ಕತ್ತಿಯನ್ನು ತಾನೇ ಹಿಡಿದನು. 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ಆತನ ಮಹಾಗ್ರಂಥದ ಮುಖಪುಟದ ಚಿತ್ರದಲ್ಲಿ ಆಚಾರ್ಯನ ಕೈ ಶವದ ಮೇಲೆಯೇ ಇದೆ.

ಅದಕ್ಕೆ ಬಂದ ಪ್ರತ್ಯುತ್ತರವು ವೆಸಾಲಿಯಸ್ಸನ ಗ್ರಂಥದಷ್ಟೇ ನೆನಪಿಡತಕ್ಕದ್ದು. ಪ್ಯಾರಿಸಿನಲ್ಲಿ ಆತನಿಗೆ ಪಾಠ ಹೇಳಿದ್ದ ಸಿಲ್ವಿಯಸ್ಸನು ಗ್ಯಾಲೆನನು ತಪ್ಪಿರುವುದು ಸಾಧ್ಯವೇ ಇಲ್ಲವೆಂದೂ, ಆತನ ಕಾಲದಿಂದೀಚೆಗೆ ಮನುಷ್ಯಶರೀರವೇ ಬದಲಾಗಿರಬೇಕೆಂದೂ ವಾದಿಸಿದನು. ಪುಸ್ತಕಕ್ಕೂ ಎಲುಬಿಗೂ ಹೊಂದದಿದ್ದರೆ ತಪ್ಪು ಎಲುಬಿನದು! ನಗಬಹುದು. ಆದರೆ ನಗುವ ಮುನ್ನ ನಮ್ಮ ಯಾವುದಾದರೊಂದು ಪದವಿಪೂರ್ವ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನ ನಿಂತು ನೋಡುವುದೊಳ್ಳೆಯದು.

ಅಲ್ಲಿ ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ಬಿಸಿಮಾಡಿ, ಬ್ಯುರೆಟ್ಟಿನಿಂದ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಬೇಕು. ಮೊದಲ ಹನಿಗಳ ಬಣ್ಣ ತಡವಾಗಿ ಮಾಯವಾಗುತ್ತದೆ, ಆಮೇಲಿನವು ಬೇಗ, ಕಡೆಗೆ ಒಂದು ಹನಿಗೆ ತಿಳಿಗುಲಾಬಿ ನಿಂತುಬಿಡುತ್ತದೆ. ಆ ಹನಿಯನ್ನು ಹಿಡಿಯುವುದಕ್ಕೆ ಕಣ್ಣೂ ಬೆರಳೂ ಒಂದಾಗಬೇಕು, ಒಂದಾಗುವುದಕ್ಕೆ ನಾಲ್ಕಾರು ಸಲ ತಪ್ಪಬೇಕು. ತಪ್ಪುವುದಕ್ಕೆ ಪುರುಸೊತ್ತು ಯಾರಿಗಿದೆ? ಎರಡು ಸಲದ ರೀಡಿಂಗು ಒಂದೇ ಬರಬೇಕೆಂದು ನಿಯಮವಿರುವುದರಿಂದ ಎರಡನೆಯದನ್ನು ಮಾಡದೆಯೇ ಮೊದಲಿನದನ್ನು ಮತ್ತೊಮ್ಮೆ ಬರೆಯುವುದು, ಮೊದಲಿನದೂ ಸರಿಯಿಲ್ಲವೆನಿಸಿದರೆ ಹಿಂದಿನ ವರ್ಷದವರ ರೆಕಾರ್ಡಿನಿಂದ ಎತ್ತಿಕೊಳ್ಳುವುದು ಸರ್ವಸಮ್ಮತವಾದ ಪದ್ಧತಿ. ಸರಳ ಲೋಲಕದ ಪ್ರಯೋಗದಲ್ಲಂತೂ ಗುರುತ್ವ ವೇಗೋತ್ಕರ್ಷವು 9.8 ಎಂದು ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು ಕಾಲದ ಅಂಕಣವನ್ನು ತುಂಬಿಸುವುದೇ ರೂಢಿ. ಸಿಲ್ವಿಯಸ್ಸನು ಸತ್ತಿಲ್ಲ.

ಹೀಗೆ ಅಂಕಣ ತುಂಬಿಸಿದ ಹುಡುಗ ಕಳೆದುಕೊಂಡದ್ದೇನು ಎಂಬುದನ್ನು ತುಸು ವಿವರವಾಗಿ ನೋಡೋಣ. ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆಯುವಾಗ ಗುಂಡನ್ನು ಬಿಟ್ಟ ಕ್ಷಣದಲ್ಲಿ ಸೊನ್ನೆ ಎನ್ನಬೇಕಾದವನು ಒಂದು ಎಂದು ಎಣಿಕೆ ಆರಂಭಿಸಿದರೆ, ಆತನು ಇಪ್ಪತ್ತು ಎನ್ನುವ ಹೊತ್ತಿಗೆ ನಡೆದಿರುವುದು ಹತ್ತೊಂಬತ್ತೇ ಆಂದೋಲನ. ಆವರ್ತಕಾಲವು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ, ಸೂತ್ರದಲ್ಲಿ ಕಾಲದ ವರ್ಗವು ಛೇದದಲ್ಲಿ ಕುಳಿತಿರುವುದರಿಂದ ಉತ್ತರವು 9.8ಕ್ಕೆ ಬದಲಾಗಿ 10.86 ಬರುತ್ತದೆ. ಈ 10.86 ಒಂದು ಅಮೂಲ್ಯವಾದ ಅಂಕಿ. ಎಲ್ಲಿ ತಪ್ಪಿತೆಂದು ಹುಡುಕುತ್ತ ಹೋದ ವಿದ್ಯಾರ್ಥಿಗೆ ಅದು ಎಣಿಕೆಗೂ ಅಂತರಕ್ಕೂ ಇರುವ ಭೇದವನ್ನು, ಒಂದು ಸಣ್ಣ ದೋಷವು ವರ್ಗದಲ್ಲಿ ಇಮ್ಮಡಿಸಿ ಬೆಳೆಯುವ ಬಗೆಯನ್ನು, ಉದ್ದವನ್ನು ಗುಂಡಿನ ತಳಕ್ಕೆ ಅಳೆಯಬೇಕೋ ನಡುವಿಗೆ ಅಳೆಯಬೇಕೋ ಎಂಬ ಸಂದೇಹವನ್ನು, ಒಟ್ಟಿನಲ್ಲಿ ಅಳತೆಯೆಂಬುದೇ ಒಂದು ವಿಚಾರವೆಂಬುದನ್ನು ಕಲಿಸುತ್ತದೆ. ಇವಾವುವೂ 9.8 ಎಂಬುದನ್ನು ನಕಲು ಮಾಡಿದವನಿಗೆ ದಕ್ಕುವುದಿಲ್ಲ. ಅವನಿಗೆ ದಕ್ಕುವುದು ಬೇರೊಂದು ಪಾಠ, ಅದೂ ಪ್ರಾಯೋಗಿಕವಾದುದೇ: ಕಂಡದ್ದನ್ನು ಬರೆಯಬಾರದು, ಬರೆದಿರುವುದನ್ನು ಕಂಡಂತೆ ನಟಿಸಬೇಕು. ಹದಿನೇಳನೆಯ ವಯಸ್ಸಿನಲ್ಲಿ, ಉಪನ್ಯಾಸಕರ ಸಮ್ಮುಖದಲ್ಲಿ, ಅಂಕಗಳ ಬಹುಮಾನದೊಡನೆ ಕಲಿತ ಈ ಪಾಠವನ್ನು ಆತನು ಮುಂದೆ ಸೇತುವೆ ಕಟ್ಟಿಸುವಾಗ, ಕಾಂಕ್ರೀಟಿನ ಬಲವನ್ನು ಪರೀಕ್ಷಿಸಿದೆನೆಂದು ರುಜು ಹಾಕುವಾಗ ಮರೆಯುವನೆಂದು ನಂಬುವುದಕ್ಕೆ ಆಧಾರವೇನೂ ಇಲ್ಲ.

ಪೂರ್ವಪಕ್ಷದವರಿಗೆ ಹೇಳುವುದಕ್ಕೆ ಏನೂ ಇಲ್ಲವೆಂದಲ್ಲ. ಪುಸ್ತಕವು ಸಾವಿರಾರು ಜನರ ಅನುಭವದ ಸಾರವಾದುದರಿಂದ ಪ್ರತಿಯೊಬ್ಬನೂ ಎಲ್ಲವನ್ನೂ ಮಾಡಿಯೇ ಕಲಿಯಬೇಕೆಂದರೆ ಆಯುಷ್ಯ ಸಾಲದೆಂದು ಅವರು ಹೇಳುತ್ತಾರೆ. ನಿಜ, ಇದನ್ನು ಅಲ್ಲಗಳೆದವರು ಯಾರು? ವಿಷದ ರುಚಿ ನೋಡಿ ತಿಳಿಯಿರೆಂದು ಯಾರೂ ಹೇಳುತ್ತಿಲ್ಲ. ಆದರೆ ಆ ಸಾರವನ್ನು ತೆಗೆದವರು ಮಾಡಿದವರೇ ಎಂಬುದನ್ನು ಈ ವಾದವು ತಾನೇ ಒಪ್ಪಿಕೊಳ್ಳುತ್ತದೆ. ನ್ಯೂಕೊಮೆನ್ ಎಂಬ ಕಬ್ಬಿಣದ ವ್ಯಾಪಾರಿಯ ಉಗಿಯಂತ್ರವು 1712ರಲ್ಲಿಯೇ ಕಲ್ಲಿದ್ದಲ ಗಣಿಯ ನೀರೆತ್ತುತ್ತಿತ್ತು; ಉಷ್ಣವು ಕೆಲಸವಾಗಿ ಪರಿಣಮಿಸುವುದಕ್ಕೆ ಮಿತಿಯುಂಟೆಂಬ ತತ್ತ್ವವನ್ನು ಸಾದಿ ಕಾರ್ನೊ ಬರೆದದ್ದು 1824ರಲ್ಲಿ, ಅದೂ ಯಂತ್ರಗಳನ್ನು ಕಣ್ಣಮುಂದೆ ಇಟ್ಟುಕೊಂಡು. ಯಂತ್ರಕ್ಕೂ ಶಾಸ್ತ್ರಕ್ಕೂ ನಡುವೆ ನೂರ ಹನ್ನೆರಡು ವರ್ಷ.

ಅನುಭವವು ಮೋಸಮಾಡುತ್ತದೆಂಬ ಎರಡನೆಯ ಆಕ್ಷೇಪಣೆ ಇದಕ್ಕಿಂತ ಬಲವಾದುದು. ಜ್ವರ ಬಂದವನ ರಕ್ತವನ್ನು ಹೊರಕ್ಕೆ ಬಿಡುವ ಚಿಕಿತ್ಸೆಯನ್ನು ಯೂರೋಪಿನ ವೈದ್ಯರು ಶತಮಾನಗಳ ಕಾಲ ತಮ್ಮ ಅನುಭವದ ಬಲದಿಂದಲೇ ಸಮರ್ಥಿಸುತ್ತ ಬಂದರು, ಎಷ್ಟೋ ರೋಗಿಗಳು ಗುಣವಾದುದನ್ನು ಕಣ್ಣಾರೆ ಕಂಡೆವೆಂದರು. ಇದಕ್ಕೆ ಉತ್ತರವೇನು? ಅವರನ್ನು ತಿದ್ದಿದವನು ಗ್ರಂಥವನ್ನು ಇನ್ನೂ ಆಳವಾಗಿ ಓದಿದವನಲ್ಲ. ಪ್ಯಾರಿಸಿನ ಪಿಯರ್ ಲೂಯಿ ಎಂಬ ವೈದ್ಯನು ಆಸ್ಪತ್ರೆಯ ಹಾಸಿಗೆಗಳ ಬಳಿ ನಿಂತು, 77 ಮಂದಿ ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಯಾವ ದಿನ ರಕ್ತ ಬಿಟ್ಟರು, ಯಾರು ಎಷ್ಟು ದಿನಕ್ಕೆ ಗುಣವಾದರು, ಯಾರು ಸತ್ತರು ಎಂದು ಎಣಿಸಿ, 1835ರಲ್ಲಿ ಫಲವನ್ನು ಪ್ರಕಟಿಸಿದನು. ಆ ಚಿಕಿತ್ಸೆಯ ಪ್ರತಿಷ್ಠೆ ಅಲ್ಲಿಂದ ಇಳಿಯತೊಡಗಿತು. ಅನುಭವದ ದೋಷಕ್ಕೆ ಔಷಧ ಇನ್ನೂ ಎಚ್ಚರವುಳ್ಳ, ಲೆಕ್ಕವಿಟ್ಟ ಅನುಭವವೇ. ಬರಿಯ ವಯಸ್ಸನ್ನು ಅನುಭವವೆಂದು ಕರೆದುಕೊಂಡು ಕಿರಿಯರ ಬಾಯಿ ಮುಚ್ಚಿಸುವವರನ್ನು ನಾನು ಇಲ್ಲಿ ಸಮರ್ಥಿಸುತ್ತಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಅಂಥವರು ನಮ್ಮ ಕಚೇರಿಗಳಲ್ಲಿ ಹೇರಳವಾಗಿದ್ದಾರೆ.

ಮೂರನೆಯ ಆಕ್ಷೇಪಣೆಯು ವಿದ್ಯೆಯ ವಿಷಯದ್ದಲ್ಲ, ನ್ಯಾಯದ ವಿಷಯದ್ದು. ಅದನ್ನು ಎತ್ತುವವರಿಗೆ ನಾನು ತಲೆಬಾಗುತ್ತೇನೆ. ತಲೆತಲಾಂತರದಿಂದ ಕೈಕೆಲಸವನ್ನೇ ಮಾಡಿ, ಅಕ್ಷರದಿಂದ ವಂಚಿತರಾಗಿ, ಈಗ ತಾನೇ ಪುಸ್ತಕವನ್ನು ಕೈಗೆ ತೆಗೆದುಕೊಂಡವರ ಮಕ್ಕಳಿಗೆ ಮತ್ತೆ ಕಸುಬಿನ ಮಹಿಮೆಯನ್ನು ಉಪದೇಶಿಸುವುದು ಕ್ರೌರ್ಯವಲ್ಲವೆ ಎಂದು ಅವರು ಕೇಳುತ್ತಾರೆ. ಈ ಭಯ ಕಾಲ್ಪನಿಕವಲ್ಲ. 1953ರಲ್ಲಿ ಮದರಾಸು ಸರ್ಕಾರದ ಮುಖ್ಯಮಂತ್ರಿಗಳಾಗಿದ್ದ ರಾಜಗೋಪಾಲಾಚಾರ್ಯರು ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠದ ವೇಳೆಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆತಾಯಿಗಳ ಕಸುಬನ್ನು ಕಲಿಯಲೆಂಬ ಯೋಜನೆಯನ್ನು ಜಾರಿಗೆ ತಂದರು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಆಗ ಮದರಾಸಿಗೇ ಸೇರಿತ್ತು. ಚಮ್ಮಾರನ ಮಗ ಚಪ್ಪಲಿಯನ್ನೂ, ವಕೀಲನ ಮಗ ವಕಾಲತ್ತನ್ನೂ ಕಲಿಯತಕ್ಕ ಏರ್ಪಾಡಿಗೆ ಜನರು ಕುಲಕಸುಬಿನ ಶಿಕ್ಷಣವೆಂದು ಹೆಸರಿಟ್ಟು ಪ್ರತಿಭಟಿಸಿದರು. 1954ರಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು, ಕಾಮರಾಜರ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಪ್ರತಿಭಟಿಸಿದವರು ನ್ಯಾಯವನ್ನೇ ಮಾಡಿದರು.

ಆದರೆ ಆ ಯೋಜನೆಯ ಪಾಪವೆಲ್ಲಿತ್ತು? ಮಕ್ಕಳ ಕೈಗೆ ಕೆಲಸ ಕೊಟ್ಟದ್ದರಲ್ಲಲ್ಲ. ಯಾರ ಕೈಗೆ ಯಾವ ಕೆಲಸವೆಂಬುದನ್ನು ಹುಟ್ಟಿನಿಂದ ಗೊತ್ತುಮಾಡಿದ್ದರಲ್ಲಿ ಮತ್ತು ಶಾಲೆಯ ಕೆಲಸವನ್ನು ಶಾಲೆಯ ಹೊರಕ್ಕೆ ತಳ್ಳಿದ್ದರಲ್ಲಿ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದ ತರುವಾಯ ಜಾಕಿರ್ ಹುಸೇನರ ಸಮಿತಿಯು ರೂಪಿಸಿದ ಯೋಜನೆ ಹೀಗಿರಲಿಲ್ಲ. ಅಲ್ಲಿ ಏಳು ವರ್ಷಗಳ ಉಚಿತ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ, ಎಲ್ಲ ಮಕ್ಕಳಿಗೂ ಒಂದೇ. ಬ್ರಾಹ್ಮಣನ ಮಗನೂ ನೂಲಬೇಕು, ನೇಕಾರನ ಮಗಳೂ ಗಣಿತವನ್ನು ಕಲಿಯಬೇಕು, ನೂಲಿನ ಎಳೆಯಿಂದಲೇ ಗಣಿತವೂ ಹತ್ತಿಯ ಬೆಳೆಯಿಂದಲೇ ಭೂಗೋಳವೂ ಹುಟ್ಟಬೇಕು. ಅದರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಮಕ್ಕಳು ನೂತದ್ದನ್ನು ಮಾರಿ ಶಾಲೆಯ ಖರ್ಚು ತೂಗಿಸಬೇಕೆಂಬ ಆಸೆ ಅವುಗಳಲ್ಲಿ ದೊಡ್ಡದು. ಶಾಲೆಯನ್ನು ಕಾರ್ಖಾನೆ ಮಾಡುವ ಅಪಾಯ ಅದರಲ್ಲಿತ್ತು. ಆದರೂ ಅದು ಬಿದ್ದುಹೋದದ್ದು ಈ ದೋಷದಿಂದಲ್ಲ. ಪಟ್ಟಣದ ವಿದ್ಯಾವಂತರು ಅದನ್ನು ಹಳ್ಳಿಯವರಿಗೆಂದು ಹೊಗಳಿ, ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಕಳುಹಿಸಿದರು. ಎಲ್ಲರಿಗೂ ಒಂದೇ ಎಂಬ ಷರತ್ತು ಮುರಿದ ದಿನವೇ ಅದು ಬಡವರ ಶಿಕ್ಷಣವಾಯಿತು. ಬಡವರು ಅದನ್ನು ಬೇಡವೆಂದುದು ಆಶ್ಚರ್ಯವಲ್ಲ. ತಕಲಿ ತಿರುಗಿಸುತ್ತಿದ್ದ ಪೀರಿಯಡ್ಡು ಕೆಲವು ಕಾಲ ವೇಳಾಪಟ್ಟಿಯಲ್ಲಿ ಹೆಸರಿಗೆ ಉಳಿದು, ಆಮೇಲೆ ಎಸ್‌ಯುಪಿಡಬ್ಲ್ಯು (ಸಮಾಜೋಪಯೋಗಿ ಉತ್ಪಾದಕ ಕೆಲಸ) ಎಂಬ ಅಕ್ಷರಗಳಾಗಿ, ಕೊನೆಗೆ ಗಣಿತದ ಮೇಷ್ಟ್ರು ಬಿಟ್ಟುಹೋದ ಪಾಠವನ್ನು ಮುಗಿಸಿಕೊಳ್ಳುವ ವೇಳೆಯಾಗಿ ಪರಿಣಮಿಸಿತು.

ಆದುದರಿಂದ ಮೂರನೆಯ ಆಕ್ಷೇಪಣೆಯವರಿಗೆ ನನ್ನ ವಿಜ್ಞಾಪನೆ ಇಷ್ಟೆ. ಕೈಯನ್ನು ಹೀನವೆಂದೂ ಲೇಖನಿಯನ್ನು ಶ್ರೇಷ್ಠವೆಂದೂ ವಿಂಗಡಿಸಿದ್ದು ನಿಮ್ಮ ಹಿರಿಯರನ್ನು ಹೊರಗಿಟ್ಟ ವ್ಯವಸ್ಥೆಯೇ. ಲೇಖನಿಯನ್ನು ನೀವು ಹಿಡಿದದ್ದು ಆ ವ್ಯವಸ್ಥೆಯ ಮೇಲೆ ಗೆದ್ದ ಜಯ. ಆದರೆ ವಿಂಗಡಣೆಯನ್ನು ಹಾಗೆಯೇ ಒಪ್ಪಿಕೊಂಡರೆ ಜಯ ಅರ್ಧಕ್ಕೆ ನಿಲ್ಲುತ್ತದೆ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರು ಸೀಳುವ ಮೇದಾರ ಕೇತಯ್ಯ ಮೊದಲಾದವರು ಕಾಯಕವನ್ನು ಬಿಡದೆಯೇ ತತ್ತ್ವವನ್ನು ನುಡಿದರು, ವಚನಗಳನ್ನು ರಚಿಸಿದರು, ಪಂಡಿತರೊಡನೆ ಸಮಾನವಾಗಿ ಕುಳಿತು ವಾದಿಸಿದರು. ಈಗ ಸರ್ಕಾರವೇ ಅಂಬಿಗರ ಚೌಡಯ್ಯನ ಜಯಂತಿಯನ್ನು ಆಚರಿಸುತ್ತದೆ. ಭಾವಚಿತ್ರಕ್ಕೆ ಮಾಲೆ ಹಾಕಿ, ಕಾಯಕದ ಮೇಲೆ ಭಾಷಣ ಮಾಡಿ ಇಳಿದ ಅಧಿಕಾರಿಗೆ ತನ್ನ ಮಗ ಬಡಗಿಯಾಗುವೆನೆಂದರೆ ಅಂದಿನ ರಾತ್ರಿಯ ಊಟ ರುಚಿಸದು.

ಈ ಮತದ ಬೆಲೆಯನ್ನು ನಾವು ತೆರುತ್ತಿರುವುದು ಎಲ್ಲಿ ಅತಿ ಸ್ಪಷ್ಟವಾಗಿ ಕಾಣುತ್ತದೆಂದರೆ, ಸುಶ್ರುತನ ವಿದ್ಯೆಯಲ್ಲಿಯೇ. ವೈದ್ಯಕೀಯ ಪದವಿಗೆ ನಾಲ್ಕೂವರೆ ವರ್ಷ ಓದಿದ ಮೇಲೆ ಒಂದು ವರ್ಷ ಹೌಸ್ ಸರ್ಜನ್ ಆಗಿ ವಾರ್ಡುಗಳಲ್ಲಿ ದುಡಿಯಬೇಕೆಂಬ ನಿಯಮವಿದೆ. ರಕ್ತನಾಳವನ್ನು ಹುಡುಕಿ ಸೂಜಿ ಹಾಕುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಹೆರಿಗೆಯ ನೋವಿನಲ್ಲಿರುವ ತಾಯಿಯ ಬಳಿ ರಾತ್ರಿಯಿಡೀ ನಿಲ್ಲುವುದು, ರೋಗಿಯ ಮುಖವನ್ನು ನೋಡಿಯೇ ಇವನು ಕೆಡುತ್ತಿದ್ದಾನೆಂದು ಅರಿಯುವುದು, ಇವೆಲ್ಲ ಕೈಗೂ ಕಣ್ಣಿಗೂ ಇಳಿಯಬೇಕಾದ ವರ್ಷ ಅದು. ಆದರೆ ಮುಂದಿನ ಸ್ನಾತಕೋತ್ತರ ಸೀಟು ನಿರ್ಧಾರವಾಗುವುದು ನಾಲ್ಕರಲ್ಲಿ ಸರಿಯಾದುದನ್ನು ಆರಿಸುವ 200 ಪ್ರಶ್ನೆಗಳ ನೀಟ್ ಪರೀಕ್ಷೆಯಿಂದ. ಹೊಲಿಗೆ ಹೇಗೆ ಹಾಕಿದನೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೀಗಿರುವಾಗ ವಾರ್ಡಿನಲ್ಲಿ ನಿಂತವನ ಕೈಯಲ್ಲಿ ಪ್ರಶ್ನೆಕೋಶವಿರುವುದೂ, ಮನಸ್ಸು ಕೋಚಿಂಗ್ ತರಗತಿಯಲ್ಲಿರುವುದೂ ಆ ಹುಡುಗನ ತಪ್ಪೆಂದು ಹೇಳಲಾರೆ. ಯಾವುದಕ್ಕೆ ಬೆಲೆ ಕಟ್ಟಿದ್ದೇವೋ ಅದನ್ನು ಆತನು ಕಲಿಯುತ್ತಿದ್ದಾನೆ. ಹೀಗೆ ವೈದ್ಯನು ಪುನಃ ಪೀಠವನ್ನೇರಿದ್ದಾನೆ. ಕೆಳಗೆ ಕೊಯ್ಯುವುದಕ್ಕೆ ಈ ಸಲ ಕ್ಷೌರಿಕನೂ ಇಲ್ಲ.

ದೊಡ್ಡ ಸುಧಾರಣೆಗಳ ಮಾತನ್ನು ಬಲ್ಲವರು ಆಡಲಿ. ಪದವಿಪೂರ್ವ ಪರೀಕ್ಷೆಯನ್ನು ನಡೆಸುವ ಮಂಡಳಿಯವರಲ್ಲಿ ನನ್ನ ಕೇಳಿಕೆ ಸಣ್ಣದು. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ನೂರಕ್ಕೆ 30 ಅಂಕಗಳು ಪ್ರಯೋಗಕ್ಕೆಂದು ಈಗಾಗಲೇ ಮೀಸಲಾಗಿವೆ. ಅಂದವಾಗಿ ನಕಲು ಮಾಡಿದ ರೆಕಾರ್ಡ್ ಪುಸ್ತಕಕ್ಕೆ ಅವುಗಳಲ್ಲಿ ಒಂದನ್ನೂ ಕೊಡಬೇಡಿ. ಉತ್ತರವು 9.8ಕ್ಕೆ ಎಷ್ಟು ಹತ್ತಿರವಿದೆಯೆಂದು ನೋಡಬೇಡಿ. ಬಂದ ಅಂಕಿಯನ್ನು ಬಂದಂತೆಯೇ ಬರೆದು, ಅದು ಹಾಗೇಕೆ ಬಂತೆಂದು ಎರಡು ಸಾಲಿನಲ್ಲಿ ಶೋಧಿಸಿ ಬರೆದವರಿಗೆ ಪೂರ್ಣಾಂಕ ಕೊಡಿರೆಂದೂ, 10.86 ಬಂದದ್ದಕ್ಕೆ ಒಂದಂಕವನ್ನೂ ಕಳೆಯಬೇಡಿರೆಂದೂ ಪರೀಕ್ಷಕರಿಗೆ ತಿಳಿಸಿ. ಇದಕ್ಕೆ ಹೊಸ ಕಟ್ಟಡವಾಗಲಿ, ಹೊಸ ಕಾನೂನಾಗಲಿ, ಹೆಚ್ಚಿನ ಹಣವಾಗಲಿ ಬೇಕಾಗಿಲ್ಲ; ಮುಂದಿನ ಪ್ರಾಯೋಗಿಕ ಪರೀಕ್ಷೆಗೆ ಮುಂಚೆ ಒಂದು ಸುತ್ತೋಲೆ ಹೊರಟರೆ ಸಾಕು.